ಹಾಟ್, ಫಿಟ್, ರಿಪ್ಡ್: ಮಾಡೆಲ್‌ಗೆ ಯಾವ ಪದ, ಪ್ಯಾಂಟಿಗೆ ಯಾವ ಪದ?

ನೀಲಿದಾರ, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ಕೌಲ್ ಬಜಾರ್‌ನ ಒಂದು ಜೀನ್ಸ್ ಯೂನಿಟ್‌ನ ಇನ್‌ಸ್ಟಾಗ್ರಾಂ ಪೇಜಿಗೆ ಕ್ಯಾಪ್ಶನ್ ಬರೀತೀನಿ. ಇಷ್ಟು ದಿನ ಕನ್ನಡ, ತೆಲುಗು, ಹಿಂದಿ ಸಾಕಾಗ್ತಿತ್ತು. ಈಗ ಹೊರದೇಶದ ಹೋಲ್‌ಸೇಲ್ ಗಿರಾಕಿಗಳೂ ಪೇಜ್ ನೋಡ್ತಾರೆ ಅಂತ ಇಂಗ್ಲಿಷ್‌ನಲ್ಲಿ ಬರೀಬೇಕಾಗೈತೆ. ಪುಸ್ತಕದ ಇಂಗ್ಲಿಷ್ ಬ್ಯಾಡ, ವಯಸ್ಸಿನ ಹುಡುಗರು ಆಡೋ ಮಾತು ಇರ್ಲಿ ಅನ್ನೋದು ಓನರ್ ಕಂಡೀಶನ್.

ಮಾಡೆಲ್‌ಗಳು ಚೆಂದ ಇದಾರೆ, ಅದನ್ನ ಹೇಳೋ ಪದಾನೇ ಸರಿಯಾಗಿ ಕೂರ್ತಿಲ್ಲ. ಹಾಟ್, ಕ್ಯೂಟ್, ಗಾರ್ಜಿಯಸ್, ಹಂಕ್, ಫಿಟ್ ಎಲ್ಲಾ ಕೇಳಿದ ಪದಗಳೇ. ಯಾವುದನ್ನ ಯಾರಿಗೆ ಅನ್ನಬೇಕು, ಎಲ್ಲಿ ಇಡಬೇಕು ಅನ್ನೋದೇ ಗೊತ್ತಿಲ್ಲ. ಹಾಕಿರೋ ಕ್ಯಾಪ್ಶನ್ ಇದು:

‘ವೆರಿ ಗಾರ್ಜಿಯಸ್ ಬಾಯ್ ಇನ್ ರಿಪ್ಡ್ ಸ್ಕಿನ್ನಿ ಜೀನ್ಸ್. ಹಿ ಈಸ್ ಹಂಕ್. ಗುಡ್ ಪರ್ಸನಾಲಿಟಿ, ಗುಡ್ ಹೈಟ್. ಹಾಟ್ ಜೀನ್ಸ್ ಫಾರ್ ಸ್ಮಾರ್ಟ್ ಪೀಪಲ್. ಲೂಸ್ ಗರ್ಲ್ಸ್ ಜೀನ್ಸ್ ಆಲ್ಸೋ ಅವೈಲಬಲ್. ಹೋಮ್ಲಿ ಲುಕ್ ಟಾಪ್ಸ್ ಕಮಿಂಗ್ ಸೂನ್.’

ಇದಕ್ಕೆ ಒಬ್ಬ ಗಿರಾಕಿ ಐದು ನಗೋ ಇಮೋಜಿ ಹಾಕಿದಾನೆ. ಎಲ್ಲಿ ತಪ್ಪೈತೆ, ಯಾಕೆ ತಪ್ಪು, ಬಿಡಿಸಿ ಹೇಳ್ರಿ.


ಗವಿಮಠ ರಸ್ತೆ ಮೇಷ್ಟ್ರು, ಕೊಪ್ಪಳ

ನಗು ಬಂದಿದ್ದು ‘ಲೂಸ್ ಗರ್ಲ್ಸ್’ ಅನ್ನೋದಕ್ಕ. ಇಂಗ್ಲಿಷಿನ್ಯಾಗ ಹೆಣ್ಣುಮಕ್ಕಳ ಹಿಂದ ಲೂಸ್ ಅಂತ ಹಚ್ಚಿದ್ರ ನಡತಿ ಸಡಿಲ ಅಂತ ಅರ್ಥ. ನೀವು ಹೇಳಬೇಕಂದಿದ್ದು ಹುಡುಗೇರ ಸಡಿಲ ಪ್ಯಾಂಟು, ಹೇಳಿದ್ದು ಸಡಿಲ ಹುಡುಗೇರ ಪ್ಯಾಂಟು. ಮಜಾ ಅಂದ್ರ ಕನ್ನಡದ ಕ್ರಮಾನ ಇಟ್ಟಿದ್ರ ಸರಿ ಆಗ್ತಿತ್ತು: ‘ಗರ್ಲ್ಸ್ ಲೂಸ್-ಫಿಟ್ ಜೀನ್ಸ್’. ಇನ್ನೊಂದು, ಬಟ್ಟಿ ವ್ಯಾಪಾರದಾಗ ಗರ್ಲ್ಸ್ ಅಂದ್ರ ಸಣ್ಣ ಮಕ್ಕಳ ಸೈಜು. ದೊಡ್ಡವರಿಗಾದ್ರ ವಿಮೆನ್ಸ್ ಅಂತ ಹಾಕ್ರಿ. ಬಾಯ್ಸ್, ಮೆನ್ಸ್ ಇದಕ್ಕೂ ಅದ ಲೆಕ್ಕ. ಮೀಸಿ ಬಂದ ಮಾಡೆಲ್‌ಗೆ ಬಾಯ್ ಅಂದ್ರ ಹೋಲ್‌ಸೇಲ್ ಗಿರಾಕಿ ಹತ್ತು ವರ್ಷದ ಹುಡುಗನ ಸೈಜ್ ಚಾರ್ಟ್ ಕೇಳ್ತಾನ.

ಇನ್ನ ‘ವೆರಿ ಗಾರ್ಜಿಯಸ್’. ಕನ್ನಡದಾಗ ‘ಭಾಳ’ ಅನ್ನೋದನ್ನ ಯಾವ ಪದಕ್ಕ ಹಚ್ಚಿದ್ರೂ ನಡೀತೈತಿ. ಇಂಗ್ಲಿಷಿನ ವೆರಿ ಹಂಗಲ್ಲ. ಹೆಚ್ಚು ಕಡಿಮಿ ಮಾಡಾಕ ಬರೋ ಪದಗಳಿಗೆ ಮಾತ್ರ ಅದು ಹತ್ತತೈತಿ: ವೆರಿ ಕ್ಯೂಟ್, ವೆರಿ ಪ್ರಿಟಿ, ವೆರಿ ಗುಡ್-ಲುಕಿಂಗ್, ವೆರಿ ಹ್ಯಾಂಡ್‌ಸಮ್. ಗಾರ್ಜಿಯಸ್, ಸ್ಟನಿಂಗ್ ಇವು ಆಗಲೇ ತುದಿ ಮುಟ್ಟಿದ ಪದ, ಅದರೊಳಗ ‘ಭಾಳ’ ಕೂಡೇ ಐತಿ. ಅವಕ್ಕ ‘ಆ್ಯಬ್ಸಲ್ಯೂಟ್ಲಿ’ ಹಚ್ಚಬೇಕು. ತಲಿ ಕೆಡಿಸ್ಕೊಳ್ಳೋದು ಬ್ಯಾಡ ಅಂದ್ರ ‘ರಿಯಲಿ’ ಹಾಕ್ರಿ, ಅದು ಎರಡೂ ಕಡೆ ಕೂಡತೈತಿ. ಡ್ರಾಪ್-ಡೆಡ್, ಅಂದ್ರ ನೋಡಿದವರು ಬೆರಗಾಗಿ ಬೀಳೂವಷ್ಟು, ಅನ್ನೋದು ಹೆಚ್ಚಾಗಿ ಗಾರ್ಜಿಯಸ್ ಜೋಡಿನ ಬರೋದು. ಡ್ರಾಪ್-ಡೆಡ್ ಕ್ಯೂಟ್, ಡ್ರಾಪ್-ಡೆಡ್ ಪ್ರಿಟಿ ಅಂತ ನೀವ ಕಟ್ಟಾಕ ಹೋಗಬ್ಯಾಡ್ರಿ.

ಹೋಲಿಸಬೇಕಾದ್ರ ಕ್ಯೂಟರ್, ಪ್ರಿಟಿಯರ್, ಹಾಟರ್. ಗುಡ್-ಲುಕಿಂಗ್‌ಗೆ ಮೋರ್ ಹಚ್ಚೂದಿಲ್ಲ, ಬೆಟರ್-ಲುಕಿಂಗ್ ಆಗತೈತಿ. ಪರೀಕ್ಷೆ ಪೇಪರಿನ್ಯಾಗ ಹುಡುಗರು ತಪ್ಪೋ ಜಾಗ ಇದು.

‘ಹಿ ಈಸ್ ಹಂಕ್’ ಅನ್ನೋದ್ರಾಗ ‘ಅ’ ಬಿಟ್ಟೀರಿ. ಹಂಕ್ ವಿಶೇಷಣ ಅಲ್ಲ, ನಾಮಪದ. ಮೂಲದಾಗ ದಪ್ಪ ತುಂಡು ಅಂತ ಅರ್ಥ, ಬ್ರೆಡ್ಡಿನ ತುಂಡು, ಮಾಂಸದ ತುಂಡು. ‘ಅ’ ಬೇಕ ಬೇಕು: ಹಿ ಈಸ್ ಅ ಹಂಕ್. ಸ್ಟನರ್, ಲುಕರ್, ಬೇಬ್, ಹಾಟಿ, ಹಾರ್ಟ್‌ಥ್ರಾಬ್ ಎಲ್ಲಾ ಇದ ಜಾತಿ. ಐ ಕ್ಯಾಂಡಿ ಒಂದು ಮಾತ್ರ ಹೊರಗ, ಅದಕ್ಕ ‘ಆ್ಯನ್’ ಹಚ್ಚೂದಿಲ್ಲ, ಯಾಕಂದ್ರ ಅದು ಸಕ್ಕರಿ ಇದ್ದಂಗ, ಎಣಿಸಾಕ ಬರೂದಿಲ್ಲ. ವಿಶೇಷಣಾನ ಬೇಕಂದ್ರ ಹಂಕಿ ಐತಿ, ಖರೇ ಅಂದ್ರ ಸ್ವಲ್ಪ ಹಳೇ ವಾಸನಿ ಬರತೈತಿ.

ಪರ್ಸನಾಲಿಟಿ ಅನ್ನೋದು ನಮ್ಮೂರಿನ ದೊಡ್ಡ ಮೋಸ. ‘ಏನ್ ಪರ್ಸನಾಲ್ಟಿ ಐತ್ಲೇ ಅವಂದು’ ಅಂದ್ರ ನಮಗ ಎತ್ತರ, ಎದಿ, ಮೈಕಟ್ಟು. ಇಂಗ್ಲಿಷಿನ್ಯಾಗ ಅದು ಬರೀ ಸ್ವಭಾವ. ಅಷ್ಟ ಅಲ್ಲ, ಚೆಂದ ಹೆಂಗದಾನ ಅಂತ ಕೇಳಿದಾಗ ‘ಹಿ ಹ್ಯಾಸ್ ಅ ಗ್ರೇಟ್ ಪರ್ಸನಾಲಿಟಿ’ ಅಂತ ಉತ್ತರ ಬಂದ್ರ, ನೋಡಾಕ ಅಷ್ಟಕ್ಕಷ್ಟ ಅಂತ ತಿಳೀರಿ. ನೀವು ಮಾಡೆಲ್‌ನ ಹೊಗಳಾಕ ಹೋಗಿ ಹೀಯಾಳಿಸಿದಂಗ ಆಗೇತಿ. ಮೈಕಟ್ಟಿಗೆ ಬಿಲ್ಡ್, ಫಿಸೀಕ್. ಕಟ್ಟುಮಸ್ತು ಅನ್ನಾಕ ವೆಲ್-ಬಿಲ್ಟ್. ಗುಡ್ ಹೈಟ್ ಬದ್ಲಿ ಟಾಲ್ ಅಂದ್ರ ಮುಗೀತು. ಹಿಂಗ ಇನ್ನೊಂದು ‘ಹೆಲ್ದಿ’: ನಾವು ದಪ್ಪ ಆಗ್ಯಾನ ಅನ್ನಾಕ ಮರ್ಯಾದಿಂದ ಹೆಲ್ದಿ ಅಂತೀವಿ, ಅವರು ಅದನ್ನ ರೋಗ ಇಲ್ಲ ಅಂತ ಓದ್ತಾರ.

ಸ್ಮಾರ್ಟ್ ಅಂದ್ರ ಅಮೆರಿಕಾದಾಗ ಬುದ್ಧಿವಂತ, ಬ್ರಿಟನ್ನಿನ್ಯಾಗ ಇಸ್ತ್ರಿ ಮಾಡಿದ ಬಟ್ಟಿ ಹಾಕ್ಕೊಂಡು ನೆಟ್ಟಗ ಇರೋದು, ನಮ್ಮಲ್ಲಿ ಚೆಂದ ಇರೋದು. ಬ್ರಿಟನ್ನಿನ ಬಹಳ ಮಂದಿಗೆ ಸ್ಮಾರ್ಟ್ ಅಂದ್ರ ಜೀನ್ಸಿನ ವಿರುದ್ಧ ಪದ. ಕರಪತ್ರದಾಗ ‘ಸ್ಮಾರ್ಟ್ ಡ್ರೆಸ್, ನೋ ಜೀನ್ಸ್’ ಅಂತ ಬರೀತಾರ. ಜೀನ್ಸ್ ಮಾರೋ ನೀವು ಸ್ಮಾರ್ಟ್ ಪೀಪಲ್ ಅಂತ ಕರೆದ್ರ ಹೆಂಗ್ರಿ.

ಹೋಮ್ಲಿ ಇನ್ನೂ ಕೆಟ್ಟದ್ದು. ವಧು ಬೇಕಾಗಿದೆ ಜಾಹೀರಾತಿನ್ಯಾಗ ಮನಿವಂತ ಹುಡುಗಿ ಅಂತ ಓದ್ತೀವಿ. ಬ್ರಿಟನ್ನಿನ್ಯಾಗ ಅದು ಮನಿ, ಹೋಟೆಲ್ಲಿಗೆ ಹೇಳೋ ಮಾತು, ಸರಳ, ಬೆಚ್ಚಗ ಅಂತ. ಅಮೆರಿಕಾದಾಗ ಹೋಮ್ಲಿ ಅಂದ್ರ ರೂಪ ಇಲ್ಲದಾಕಿ. ‘ರೂಪಗೇಡಿ ಕಾಣೋ ಟಾಪ್ಸ್ ಬರಾಕತ್ಯಾವ’ ಅಂತ ಹಾಕೀರಿ ನೀವು.


ಕಟಿಂಗ್ ಟೇಬಲ್, ಬಳ್ಳಾರಿ

ಮೇಷ್ಟ್ರು ಮನುಷ್ಯರ ಕಡೆಯಿಂದ ಹೇಳಿದ್ರು, ನಾನು ಪ್ಯಾಂಟಿನ ಕಡೆಯಿಂದ ಹೇಳ್ತೀನಿ. ಜೀನ್ಸ್ ಲೈನಿನಲ್ಲಿ ದಿನಾ ಆಡೋ ಪದಗಳಲ್ಲಿ ಅರ್ಧದಷ್ಟು ಮೈಗೂ ಆಗ್ತಾವೆ, ಅರ್ಥ ಮಾತ್ರ ಬೇರೆ. ಕ್ಯಾಪ್ಶನ್‌ನಲ್ಲಿ ಪದ ಯಾವುದರ ಪಕ್ಕ ಕೂತೈತೆ ಅನ್ನೋದನ್ನ ನೋಡ್ಬೇಕು.

ರಿಪ್ಡ್: ಪ್ಯಾಂಟಿಗಾದ್ರೆ ಮೊಣಕಾಲ ಹತ್ರ ಹರಿದು ಅಡ್ಡದಾರ ಬಿಟ್ಟಿರೋದು. ಗಂಡಸಿಗಾದ್ರೆ ಕೊಬ್ಬಿಲ್ಲದೆ ಸ್ನಾಯು ಒಂದೊಂದಾಗಿ ಎದ್ದು ಕಾಣೋ ಹುರಿಗಟ್ಟಿದ ಮೈ. ಎರಡೂ ಒಂದೇ ಫೋಟೋದಲ್ಲಿ ಇದ್ರೆ ಓದೋನು ಒಂದು ಕ್ಷಣ ನಿಲ್ತಾನೆ. ಬೇಕಂತ ಶ್ಲೇಷೆ ಮಾಡೋದಾದ್ರೆ ಚೆನ್ನಾಗೇ ಐತೆ.

ಸ್ಕಿನ್ನಿ: ಪ್ಯಾಂಟಿಗೆ ಸ್ಟೈಲ್ ಹೆಸರು, ತೊಡೆಯಿಂದ ಕಣಕಾಲ ತನಕ ಅಂಟಿದ ಕಟ್. ಮನುಷ್ಯರಿಗೆ ಅಂದ್ರೆ ಸಣಕಲ, ಬೈದಂಗೆ. ಸ್ಲಿಮ್ ಇಬ್ಬರಿಗೂ ಒಳ್ಳೇದು. ‘ಸ್ಕಿನ್ನಿ ಮಾಡೆಲ್ ಇನ್ ಸ್ಲಿಮ್ ಜೀನ್ಸ್’ ತಪ್ಪು, ‘ಸ್ಲಿಮ್ ಮಾಡೆಲ್ ಇನ್ ಸ್ಕಿನ್ನಿ ಜೀನ್ಸ್’ ಸರಿ. ಅಷ್ಟೇ ವ್ಯತ್ಯಾಸ.

ಡಿಸ್ಟ್ರೆಸ್ಡ್: ಉಜ್ಜಿ, ಗೀರಿ, ಬಣ್ಣ ತೆಗೆದು ಹಳೇದು ಮಾಡಿದ ಬಟ್ಟೆ. ಮನುಷ್ಯ ಡಿಸ್ಟ್ರೆಸ್ಡ್ ಅಂದ್ರೆ ಸಂಕಟದಲ್ಲಿದಾನೆ ಅಂತ. ‘ಡಿಸ್ಟ್ರೆಸ್ಡ್ ಮೆನ್ಸ್ ಜೀನ್ಸ್’ ಅಂತ ಬರೆದ್ರೆ ಮತ್ತೆ ಲೂಸ್ ಗರ್ಲ್ಸ್ ಕಥೆನೇ. ಮೆನ್ಸ್ ಮೊದಲು, ಡಿಸ್ಟ್ರೆಸ್ಡ್ ಆಮೇಲೆ.

ಸ್ಟ್ಯಾಕ್ಡ್: ಉದ್ದ ಜಾಸ್ತಿ ಬಿಟ್ಟು ಕಾಲ ಹತ್ರ ಮಡಿಕೆ ಮಡಿಕೆ ಕೂರೋ ಹಂಗೆ ಮಾಡೋ ಜೀನ್ಸ್. ಹೆಂಗಸಿಗೆ ಈ ಪದ ಅಂದ್ರೆ ಎದೆ ದೊಡ್ಡದು ಅನ್ನೋ ಒರಟು ಮಾತು. ಲೇಡೀಸ್ ಫೋಟೋ ಕೆಳಗೆ ಬರೆಯೋದೇ ಆದ್ರೆ ‘ಸ್ಟ್ಯಾಕ್ಡ್ ಹೆಮ್’ ಅಂತ ಹೆಮ್ (ಕಾಲಿನ ಕೆಳಗಿನ ಅಂಚು) ಸೇರಿಸಿ.

ಬಫ್: ಜಿಮ್ ಮೈಯಿಗೆ ಚೆನ್ನಾಗೈತೆ. ಆದ್ರೆ ‘ಇನ್ ದ ಬಫ್’ ಅಂದ್ರೆ ಬರೀ ಮೈ. ಜೀನ್ಸ್ ಮಾರೋರಿಗೆ ಅದಕ್ಕಿಂತ ನಷ್ಟದ ಮಾತಿಲ್ಲ. ಬಣ್ಣದಲ್ಲೂ ಬಫ್ ಐತೆ, ತಿಳಿ ಹಳದಿ ಕಂದು.

ಪೆಟೀಟ್ ಅಂದ್ರೆ ತೆಳ್ಳಗೆ ಅಂತ ತಿಳ್ಕೊಂಡಿರ್ತಾರೆ. ಗಾರ್ಮೆಂಟ್ ಲೆಕ್ಕದಲ್ಲಿ ಅದು ಎತ್ತರದ್ದು, ಸುಮಾರು 5 ಅಡಿ 4 ಇಂಚು ಒಳಗಿನ ಹೆಂಗಸರಿಗೆ ಇನ್‌ಸೀಮ್, ರೈಸ್ ಎರಡೂ, ಅಂದ್ರೆ ಒಳಗಾಲಿನ ಉದ್ದ, ಕವಲಿಂದ ಸೊಂಟಪಟ್ಟಿ ತನಕದ ಎತ್ತರ, ಕಮ್ಮಿ ಮಾಡಿದ ಸೈಜು. ಸೊಂಟ ದಪ್ಪ ಇದ್ರೂ ಪೆಟೀಟೇ. ಕರ್ವಿ ಅಂದ್ರೆ ದಪ್ಪ ಅನ್ನೋದಕ್ಕೆ ನಯವಾದ ಮಾತು ಅಂತ ಬಳಸ್ತಾರೆ, ಕರ್ವಿ ಫಿಟ್ ಅಂದ್ರೆ ಬೇರೆ: ಹಿಪ್‌ಗೆ ಜಾಗ ಜಾಸ್ತಿ, ವೇಸ್ಟ್ ಬಿಗಿ, ಹಿಂದೆ ಬೆಲ್ಟ್ ಹತ್ರ ಬಾಯಿ ಬಿಡಬಾರದು ಅಂತ. ಬಾಯ್‌ಫ್ರೆಂಡ್ ಜೀನ್ಸ್ ಗಂಡಸರ ಪ್ಯಾಂಟಿನಂಗೆ ಸಡಿಲ ಕಟ್, ಆದ್ರೆ ಹೆಂಗಸರದ್ದು, ಗಂಡಸರ ಫೋಟೋಗೆ ಹಾಕಬ್ಯಾಡಿ.

ಹಾಟ್ ಜೀನ್ಸ್ ಅಂದ್ರೆ ಒಂದು ಅರ್ಥದಲ್ಲಿ ಕದ್ದ ಮಾಲು. ಹಾಟ್ ಗೂಡ್ಸ್ ಅಂತ ಕೇಳಿರ್ತೀರಿ. ಹಾಟ್ ಪ್ಯಾಂಟ್ಸ್ ಅಂದ್ರೆ 1970ರ ಸುಮಾರಿಗೆ ಬಂದ ಗಿಡ್ಡ ಚಡ್ಡಿ. ಎರಡೂ ನಮ್ಮ ಮಾಲಲ್ಲ.


ಹರಿಗೋಲು, ಆನೆಗುಂದಿ

ಗಿರಾಕಿ ಯಾವ ದೇಶದಾಂವ ಅನ್ನೋದನ್ನ ಯಾರೂ ಕೇಳಲಿಲ್ಲ. ಅದ ಮೊದಲು ಕೇಳಬೇಕಾದ್ದು. ಒಂದ ಪದ ಒಂದೂರಿನ್ಯಾಗ ಹೊಗಳಿಕಿ, ಇನ್ನೊಂದೂರಿನ್ಯಾಗ ಬೈಗುಳ.

ಫಿಟ್ ತಗೋರಿ. ಅಮೆರಿಕಾದಾಂವ ಫಿಟ್ ಅಂದ್ರ ದಿನಾ ಓಡ್ತಾನ, ಮೈ ಗಟ್ಟಿ ಐತಿ ಅಷ್ಟ. ಇಂಗ್ಲೆಂಡಿನ ಹುಡುಗಿ ‘ಹಿ ಈಸ್ ವೆಲ್ ಫಿಟ್’ ಅಂದ್ಲಂದ್ರ ಆಕಿಗೆ ಮನಸಾಗೇತಿ ಅಂತ ಅರ್ಥ, ಓಟಕ್ಕೂ ಅದಕ್ಕೂ ಸಂಬಂಧ ಇಲ್ಲ. ಅಲ್ಲಿ ‘ವೆಲ್’ ಅಂದ್ರ ‘ಭಾಳ’. ಈಗಿನ ಹುಡುಗರು ಔಟ್‌ಫಿಟ್ ಅನ್ನೋದನ್ನ ಕತ್ತರಿಸಿ ಫಿಟ್ ಅಂತಾರ: ‘ನೈಸ್ ಫಿಟ್’ ಅಂದ್ರ ಬಟ್ಟಿ ಜೋಡಿ ಚಲೋ ಐತಿ ಅಂತ. ನಿಮ್ಮ ಸ್ಲಿಮ್ ಫಿಟ್ ಬ್ಯಾರೆ. ಒಂದ ಕ್ಯಾಪ್ಶನ್ನಿನ್ಯಾಗ ನಾಲ್ಕೂ ಅರ್ಥ ಹೊಡದಾಡಬಹುದು.

ಸ್ಕಾಟ್ಲೆಂಡ್ ಮತ್ತ ಇಂಗ್ಲೆಂಡಿನ ಉತ್ತರಕ್ಕ ಬಾನಿ. ಹುಡುಗಿಗೂ ಕೂಸಿಗೂ ಅಂತಾರ, ಅದರಾಗ ಅಕ್ಕರಿ ಐತಿ, ಕಣ್ಣು ಹಾಕೋ ಧಾಟಿ ಇಲ್ಲ. ನಮ್ಮ ‘ಲಕ್ಷಣವಾಗ್ಯಾಳ’ ಅನ್ನೋದಕ್ಕ ಹತ್ರ. ವೇಲ್ಸಿನ್ಯಾಗ ಟೈಡಿ ಅಂದ್ರ ಚಲೋ, ಚೆಂದ. ಉಳಿದ ಕಡೆ ಟೈಡಿ ಅಂದ್ರ ಕಸ ಗುಡಿಸಿಟ್ಟಿರೋದು. ವೇಲ್ಸ್, ಇಂಗ್ಲೆಂಡಿನ ನೈಋತ್ಯ ಸೀಮಿ, ನ್ಯೂಕ್ಯಾಸಲ್ ಕಡೆ ಲಶ್ ಅಂದ್ರ ಭಾಳ ಚೆಂದ. ಅದನ್ನ ನಾಮಪದ ಮಾಡಿ ‘ಅ ಲಶ್’ ಅಂದ್ರೋ, ಕುಡುಕ. ಲಂಡನ್ನಿನ ಹುಡುಗರ ಬಾಯಾಗ ಚೆಂದ ಅನ್ನಾಕ ಪೆಂಗ್ ಐತಿ, ಮೂವತ್ತು ದಾಟಿದಾಂವ ಅಂದ್ರ ನಗ್ತಾರ. ಚೆಂದ ಅನ್ನೋ ಅರ್ಥದ ಡಿಶಿ ಅಲ್ಲಿ 1960ರ ದಶಕದ ಪದ, ಈಗ ಅಜ್ಜಿದೇರ ಪದ.

ಐರ್ಲೆಂಡಿನ್ಯಾಗ ಚೆಂದ ಇದ್ದೋರಿಗೆ ‘ಅ ರೈಡ್’ ಅಂತಾರ. ಹರಿಗೋಲಿನ್ಯಾಗ ಒಂದು ರೈಡ್ ಬರ್ರಿ ಅಂತ ಐರಿಶ್ ಪ್ರವಾಸಿಗೆ ಕರೀವಾಗ ನೆನಪಿರಲಿ, ನಗು ಬರತೈತಿ ಅವರಿಗೆ. ಆಸ್ಟ್ರೇಲಿಯಾದಾಗ ‘ಅ ಸ್ಪಂಕ್’ ಅಂದ್ರ ಚೆಲುವ. ಬ್ರಿಟನ್ನಿನ್ಯಾಗ ಅದ ಪದ ಅಶ್ಲೀಲ. ಅಮೆರಿಕಾದಾಗ ಸ್ಪಂಕಿ ಅಂದ್ರ ಧೈರ್ಯ ಇದ್ದಾಕಿ. ಇಂಥಾ ಪದ ಕೇಳಿಸ್ಕೊಂಡ್ರ ತಿಳೀಬೇಕು, ಬಾಯಾಗ ಇಟ್ಕೋಬಾರದು.

ಎಲ್ಲಾ ದೇಶಕ್ಕೂ ನಡಿಯೋವು ಅಂದ್ರ ಗುಡ್-ಲುಕಿಂಗ್, ಗಾರ್ಜಿಯಸ್, ಸ್ಟನಿಂಗ್, ಅಟ್ರ್ಯಾಕ್ಟಿವ್. ನಾಲ್ಕೂ ಗಂಡಿಗೂ ಆಗತಾವ ಹೆಣ್ಣಿಗೂ ಆಗತಾವ. ‘ಈಸಿ ಆನ್ ದಿ ಐ’ ಅಂತ ಬ್ರಿಟನ್, ‘ಐಸ್’ ಅಂತ ಅಮೆರಿಕ, ಮುಗುಳ್ನಗಿ ಇರೋ ಮಾತು. ಇದು ವಾಕ್ಯದ ಕೊನಿಗೇ ಬರಬೇಕು: ಹಿ ಈಸ್ ಈಸಿ ಆನ್ ದಿ ಐಸ್. ಹೆಸರಿನ ಮೊದಲು ತುರುಕಿದ್ರ ಕೆಡತೈತಿ.


ನೀಲಿದಾರ, ಬಳ್ಳಾರಿ

ಇಷ್ಟೊಂದು ಇರುತ್ತೆ ಅಂತ ಗೊತ್ತಿರಲಿಲ್ಲ. ಮೂರು ಪ್ರಶ್ನೆ ಉಳಿದಾವೆ. ಒಂದು, ಕ್ಯೂಟ್ ದೊಡ್ಡವರಿಗೆ ಅನ್ನಬಹುದಾ? ಎರಡು, ಹ್ಯಾಂಡ್‌ಸಮ್ ಗಂಡಸಿಗೆ ಮಾತ್ರನಾ, ಪ್ರಿಟಿ ಹೆಂಗಸಿಗೆ ಮಾತ್ರನಾ? ಮೂರು, ರೀಲ್‌ಗೆ ವಾಯ್ಸ್ ಕೊಡ್ಬೇಕು, ಉಚ್ಚಾರಣೆ ಸರಿಯಾಗಿ ಹೇಳ್ರಿ. ಠಾಕುಠೀಕು ಅಂತೀವಲ್ಲ, ಅದಕ್ಕೆ ಇಂಗ್ಲಿಷ್‌ನಲ್ಲಿ ಪದ ಐತಾ? ನಾಲ್ಕಾಯ್ತು.


ಗವಿಮಠ ರಸ್ತೆ ಮೇಷ್ಟ್ರು, ಕೊಪ್ಪಳ

ಕಡಿದ್ದನ್ನ ಮೊದಲು ಹೇಳ್ತೀನಿ, ಯಾಕಂದ್ರ ಅದು ನನಗ ಸೇರಿದ ಪದ. ಠಾಕುಠೀಕು ಅಂದ್ರ ಡ್ಯಾಪರ್. ಕೋಟು, ಪಾಲೀಶ್ ಮಾಡಿದ ಬೂಟು, ಬಾಚಿದ ತಲಿ ಇದ್ದ ಗಂಡಸಿಗೆ ಹೇಳೋದು. ಮುಖ ಹೆಂಗ ಇದ್ರೂ ಡ್ಯಾಪರ್ ಆಗಬಹುದು, ಅದ ಅದರ ಸೊಗಸು. ಎದ್ದು ಕಾಣೋ ರೂಪಕ್ಕ ಸ್ಟ್ರೈಕಿಂಗ್: ಚೆಂದ ಅನ್ನೋದಕ್ಕಿಂತ ಮರಿಯಾಕ ಆಗದ ಮುಖ ಅಂತ. ಗತ್ತು ಇರೋದಕ್ಕ ಡ್ಯಾಶಿಂಗ್, ನಮ್ಮ ಕಡೆ ಇನ್ನೂ ಓಡತೈತಿ, ಅವರ ಕಡೆ ಹಳೇ ಕಾದಂಬರಿ ವಾಸನಿ. ಮುಖದಾಗ ಕಳೆ ಐತಿ ಅನ್ನಾಕ ಗ್ಲೋಯಿಂಗ್ ಹತ್ರ ಬರತೈತಿ, ಆದ್ರ ಬಸುರಿ ಹೆಂಗಸಿಗೆ ಅದನ್ನ ಭಾಳ ಅಂತಾರ, ಸುಮ್ನ ಯಾರಿಗಾದ್ರೂ ಅಂದ್ರ ತಪ್ಪು ತಿಳೀತಾರ.

ಕ್ಯೂಟ್ ಅನ್ನೋದು ಅಕ್ಯೂಟ್ ಪದದ ತಲಿ ಹಾರಿಸಿದ್ದು. 18ನೇ ಶತಮಾನದಾಗ ಅದಕ್ಕ ಚೂಟಿ, ಚಾಣಾಕ್ಷ ಅಂತ ಅರ್ಥ ಇತ್ತು. ಚೆಂದ ಅನ್ನೋ ಅರ್ಥ ಅಮೆರಿಕಾದಾಗ 19ನೇ ಶತಮಾನದಾಗ ಕೂಡಿಕೊಂಡಿತು. ಹಳೇ ಅರ್ಥ ಪೂರ್ತಿ ಸತ್ತಿಲ್ಲ: ‘ಡೋಂಟ್ ಗೆಟ್ ಕ್ಯೂಟ್ ವಿತ್ ಮಿ’ ಅಂದ್ರ ನಾವನ್ನೋ ‘ಓವರ್ ಸ್ಮಾರ್ಟ್ ಆಗಬ್ಯಾಡ’ ಅನ್ನೋದ. ದೊಡ್ಡವರಿಗೆ ಕ್ಯೂಟ್ ಅನ್ನಬಹುದು. ಅಮೆರಿಕಾದ ಹುಡುಗಿ ಹುಡುಗನಿಗೆ ಕ್ಯೂಟ್ ಅಂದ್ರ ಮನಸಿಗೆ ಬಂದಾನ ಅಂತ. ಆದ್ರ ಹಾಟ್‌ಗಿಂತ ಒಂದು ಮೆಟ್ಟಲು ತಂಪು. ನಲವತ್ತು ವರ್ಷದ ಗಂಡಸಿಗೆ ಅಂದ್ರ ಗಲ್ಲ ಹಿಂಡಿದಂಗ. ಮಾಲಿಗೆ ಅಂದ್ರ ಹೆಂಗಸರ, ಮಕ್ಕಳ ಬಟ್ಟಿಗೆ ಕೂಡತೈತಿ.

ಹ್ಯಾಂಡ್‌ಸಮ್ ಅಂದ್ರ ಮೊದಲ ಅರ್ಥ ಕೈಗೆ ಒದಗೋದು, ಹಿಡಿಯಾಕ ಸಲೀಸು. ಹೆಂಗಸಿಗೂ ಅಂತಾರ, ವಯಸ್ಸಾಗಿ ಗಂಭೀರ ರೂಪ ಇದ್ದಾಕಿಗೆ. ಇಪ್ಪತ್ತರ ಹುಡುಗಿಗೆ ಅಂದ್ರ ಮುನಿಸ್ಕೋತಾಳ. ಪ್ರಿಟಿ ಹಳೇ ಇಂಗ್ಲಿಷಿನ್ಯಾಗ ಕುತಂತ್ರಿ ಅಂತಿತ್ತು. ಗಂಡಸಿಗೆ ‘ಪ್ರಿಟಿ ಬಾಯ್’ ಅಂದ್ರ ಕೈ ಕೆಸರಾಗದ ಹುಡುಗ ಅಂತ ಚುಚ್ಚುಮಾತು. ಗ್ಲಾಮರ್ ಇವಕ್ಕಿಂತ ಮಜಾ, ಅದು ಗ್ರಾಮರ್ ಪದಾನ ಸ್ಕಾಟ್ಲೆಂಡಿನ್ಯಾಗ ರೂಪ ಬದಲಿಸಿದ್ದು, ಮಾಟ ಅಂತ ಅರ್ಥ ಇತ್ತು. ‘ಶಿ ಈಸ್ ವೆರಿ ಗ್ಲಾಮರ್’ ಅನ್ನಬ್ಯಾಡ್ರಿ, ಗ್ಲಾಮರಸ್ ಆಗಬೇಕು.

ಉಚ್ಚಾರ: ಗಾರ್ಜಿಯಸ್ ಅಂತ ಮೂರು ತುಂಡು ಮಾಡಬ್ಯಾಡ್ರಿ, ‘ಗಾರ್‌ಜಸ್’, ಎರಡ ತುಂಡು, ಒತ್ತು ಮೊದಲನೇದ್ರ ಮ್ಯಾಲೆ. ಹ್ಯಾಂಡ್‌ಸಮ್‌ನಾಗ ‘ಡ’ ನುಂಗಬೇಕು, ‘ಹ್ಯಾನ್ಸಮ್’. ಬರಿಯೋದು ಪ್ರೆಟ್ಟಿ ಇದ್ದಂಗ ಕಂಡ್ರೂ ಅನ್ನೋದು ‘ಪ್ರಿಟಿ’. ಕ್ಯೂಟ್‌ನ ‘ಊ’ ಉದ್ದ ಎಳೀರಿ. ಜೀನ್ಸ್ ಕೊನಿಗೆ ‘ಸ’ ಅಲ್ಲ, ಜೇನು ಹುಳ ಗುಂಯ್‌ಗುಟ್ಟೋ ಸಪ್ಪಳ.


ಎಡೆದೊರೆ, ರಾಯಚೂರು

ಎಲ್ಲರೂ ಪದ ಹುಡುಕಿ ಕೊಟ್ಟೀರಿ. ನನ್ನ ತಕರಾರು ಬ್ಯಾರೆ ಅದ. ಅಂಗಡಿ ಕ್ಯಾಪ್ಶನ್ನಿನ್ಯಾಗ ಮಾಡೆಲ್ ಮೈಗೆ ಯಾಕ ವಿಶೇಷಣ ಬೇಕು? ಮಾರೋದು ಪ್ಯಾಂಟು. ವಿಶೇಷಣ ಪ್ಯಾಂಟಿಗೆ ಹಚ್ರಿ, ಇಲ್ಲ ಕೊಳ್ಳೋರಿಗೆ ಹಚ್ರಿ.

ಹಾಟ್, ಸೆಕ್ಸಿ ಎರಡೂ ಬರೀ ಚೆಂದ ಅಂತ ಹೇಳೂದಿಲ್ಲ, ಆಸೆ ಹುಟ್ಟಸ್ತಾರ ಅಂತ ಹೇಳ್ತಾವ. ತಾನ ತನಗ ‘ಫೀಲ್ ಸೆಕ್ಸಿ’ ಅಂದ್ಕೊಳ್ಳೋದು ಬ್ಯಾರೆ, ಅಂಗಡಿಯವರು ಫೋಟೋದಾಗಿನ ಹುಡುಗಿಗೆ ಅನ್ನೋದು ಬ್ಯಾರೆ. ಆ ಹುಡುಗಿ ನಿಮ್ಮ ಯೂನಿಟ್‌ನ್ಯಾಗ ಕೆಲಸ ಮಾಡೋಳಾದ್ರ ಇನ್ನೂ ಹುಷಾರಿರ್ರಿ. 2013ರ ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆ ಕಾಯ್ದೆಯೊಳಗ ಲೈಂಗಿಕ ಅರ್ಥದ ಮಾತು ಸಹಿತ ಕಿರುಕುಳದ ಪಟ್ಟಿಯಾಗ ಅದ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 75ನೇ ಕಲಮಿನ್ಯಾಗೂ ಅಂಥಾ ಮಾತಿಗೆ 1 ವರ್ಷದ ತನಕ ಜೈಲು, ಇಲ್ಲ ದಂಡ, ಇಲ್ಲ ಎರಡೂ ಅದಾವ. ಇಂಗ್ಲಿಷಿನ್ಯಾಗ ಹೇಳಿದೆ, ಸ್ಟೈಲಿಗೆ ಹೇಳಿದೆ ಅಂದ್ರ ನಡಿಯೂದಿಲ್ಲ. ಕಮೆಂಟಿನ್ಯಾಗ ಯಾರರ ‘ಫಿಗರ್’, ‘ಪೀಸ್’, ‘ಐಟಂ’ ಅಂತ ಬರದ್ರ ಅಳಿಸಿ ಹಾಕ್ರಿ. ಫಿಗರ್ ಅಂದ್ರ ಇಂಗ್ಲಿಷಿನ್ಯಾಗ ಮೈಯ ಆಕಾರ, ಹುಡುಗಿ ಅಲ್ಲ. ಉಳಿದೆರಡು ಮಾಲಿನ ಲೆಕ್ಕ.

ಫೇರ್ ಅನ್ನೋದನ್ನೂ ಬಿಡ್ರಿ. ನಮ್ಮ ಕಡೆ ಕೆಂಪಗ ಇದ್ರ ಚೆಂದ ಅಂತ ಸೇರಿಸಿ ಹೇಳೋ ರೂಢಿ ಅದ. 2020ರಾಗ ಫೇರ್ ಆ್ಯಂಡ್ ಲವ್ಲಿ ಕ್ರೀಮೇ ಹೆಸರು ಬದಲಿಸಿ ಗ್ಲೋ ಆ್ಯಂಡ್ ಲವ್ಲಿ ಆಯ್ತು. ವೀಟಿಶ್, ಅಂದ್ರ ಗೋಧಿ ಬಣ್ಣ, ಅನ್ನೋದು ವಧೂವರರ ಜಾಹೀರಾತಿನ ಇಂಗ್ಲಿಷ್, ಹೊರಗಿನವರಿಗೆ ತಿಳಿಯೂದಿಲ್ಲ.

ನಿಮಗ ಖರೇ ಬೇಕಾದ ಪದ ‘ಫ್ಲ್ಯಾಟರಿಂಗ್’. ಮನುಷ್ಯನ ಮಾತಿಗೆ ಹಚ್ಚಿದ್ರ ಮುಖಸ್ತುತಿ, ಬಟ್ಟಿಗೆ ಹಚ್ಚಿದ್ರ ತೊಟ್ಟವರನ್ನ ಚೆಂದ ಕಾಣಸೋ ಕಟ್ ಅಂತ. ದಪ್ಪ ಇರ್ಲಿ, ಸಣ್ಣ ಇರ್ಲಿ, ಯಾರಿಗೂ ನೋವಾಗೂದಿಲ್ಲ. ‘ಅ ಫ್ಲ್ಯಾಟರಿಂಗ್ ಹೈ ವೇಸ್ಟ್’ ಅಂತ ಬರದ್ರ ಪ್ಯಾಂಟಿನ ಯಾವ ಭಾಗದಿಂದ ಚೆಂದ ಕಾಣತದ ಅನ್ನೋದನ್ನೂ ಹೇಳಿದಂಗ ಆತು. ಭರ್ಜರಿ ಅನ್ನೋ ಅರ್ಥದಾಗ ‘ಕಿಲ್ಲರ್’ ಸುದ್ದಾ ಬಟ್ಟಿಗೆ ನಡೀತದ, ಕಿಲ್ಲರ್ ಫಿಟ್, ಕಿಲ್ಲರ್ ಲುಕ್, ಅತಿ ಮಾಡಬ್ಯಾಡ್ರಿ.

ಗುಡ್ ಹೈಟ್, ಗುಡ್ ಪರ್ಸನಾಲಿಟಿ ಜಾಗದಾಗ ಅಳತಿ ಬರೀರಿ. ‘ಮಾಡೆಲ್ ಈಸ್ 183 ಸೆಂಟಿಮೀಟರ್ಸ್ ಟಾಲ್ ಆ್ಯಂಡ್ ವೇರ್ಸ್ ಅ 32’. ಈ ಒಂದು ಸಾಲು ಓದಿದ ಗಿರಾಕಿಗೆ ತನ್ನ ಕಾಲಿಗೆ ಎಷ್ಟುದ್ದ ಬರತದ ಅನ್ನೋ ಅಂದಾಜು ಸಿಗತದ. ಅಮೆರಿಕಾದವರಿಗೆ 6 ಅಡಿ ಅಂತಾನೂ ಪಕ್ಕಕ್ಕ ಬರೀರಿ.

ನಿಮ್ಮ ಕ್ಯಾಪ್ಶನ್ ನಾನಾದ್ರ ಹಿಂಗ ತಿದ್ದತೀನಿ: ‘ರಿಪ್ಡ್, ಸ್ಕಿನ್ನಿ ಆ್ಯಂಡ್ ಡ್ರಾಪ್-ಡೆಡ್ ಗಾರ್ಜಿಯಸ್. ಆ್ಯಂಡ್ ದ್ಯಾಟ್ಸ್ ಜಸ್ಟ್ ದ ಜೀನ್ಸ್. ಮಾಡೆಲ್ ಈಸ್ 183 ಸೆಂಟಿಮೀಟರ್ಸ್ ಟಾಲ್ ಆ್ಯಂಡ್ ವೇರ್ಸ್ ಅ 32. ವಿಮೆನ್ಸ್ ಲೂಸ್-ಫಿಟ್ ಜೀನ್ಸ್ ಆಲ್ಸೋ ಇನ್ ಸ್ಟಾಕ್.’ ಮೊದಲನೇ ಸಾಲು ಓದೋವಾಗ ಮಾಡೆಲ್ ಬಗ್ಗೆ ಹೇಳ್ಯಾರ ಅನಸ್ತದ, ಎರಡನೇದ್ರಾಗ ಗುಟ್ಟು ಬಿಡತದ. ಹುಡುಗರ ಇಂಗ್ಲಿಷ್ ಬೇಕಂದ ನಿಮ್ಮ ಓನರ್‌ಗೂ ಸಮಾಧಾನ. ಟಾಪ್ಸ್‌ಗೆ ಹೋಮ್ಲಿ ತೆಗೆದು ‘ಈಸಿ, ಎವರಿಡೇ ಟಾಪ್ಸ್’ ಅನ್ರಿ.


ಕಟಿಂಗ್ ಟೇಬಲ್, ಬಳ್ಳಾರಿ

ಎಡೆದೊರೆ ಅಕ್ಕ ಬರೆದಿದ್ದು ಚೆನ್ನಾಗೈತೆ. ಒಂದೇ ಸೇರಿಸ್ತೀನಿ, 32 ಒಂದೇ ಸಾಲದು. ಹೊರಗಿನ ಗಿರಾಕಿ ವೇಸ್ಟ್ ಜೊತೆ ಲೆಂಗ್ತ್ ಕೇಳ್ತಾನೆ, 32 ಬೈ 34 ಅಂತ, ಎರಡೂ ಇಂಚಲ್ಲಿ. ಎತ್ತರ ಸೆಂಟಿಮೀಟರ್‌ನಲ್ಲಿದ್ರೂ ಜೀನ್ಸ್ ಸೈಜು ಇಂಚೇ. ಸ್ಟ್ರೆಚ್ ಬಟ್ಟೆ ಆಗಿದ್ರೆ ಎಲಾಸ್ಟೇನ್ (ಹಿಗ್ಗೋ ದಾರ) ಶೇಕಡಾ ಎಷ್ಟು ಅಂತಾನೂ ಹಾಕಿ. ಸ್ಕಿನ್ನಿ ಅಂತ ಹೇಳಿ ಅದನ್ನ ಹೇಳದೆ ಇದ್ರೆ ಮೊದಲ ಪ್ರಶ್ನೆ ಅದೇ ಬರುತ್ತೆ.


ನೀಲಿದಾರ, ಬಳ್ಳಾರಿ

ಎಲ್ಲರಿಗೂ ಶರಣು. ಹಳೇ ಪೋಸ್ಟ್ ತೆಗೆದೆ. ಹೊಸದ್ರಲ್ಲಿ ಕೊನೇ ಸಾಲು ನಾನೇ ಸೇರಿಸಿದೀನಿ, ನೋಡಿ ಹೇಳ್ರಿ: ‘ದಿಸ್ ಜೀನ್ಸ್ ಈಸ್ ವೆರಿ ಫ್ಲ್ಯಾಟರಿಂಗ್.’


ಗವಿಮಠ ರಸ್ತೆ ಮೇಷ್ಟ್ರು, ಕೊಪ್ಪಳ

ವೆರಿ ಸರಿ ಐತಿ, ಫ್ಲ್ಯಾಟರಿಂಗ್ ಹೆಚ್ಚು ಕಡಿಮಿ ಆಗೋ ಪದ. ಆದ್ರ ಜೀನ್ಸಿಗೆ ಎರಡು ಕಾಲು, ಒಂದ ಪ್ಯಾಂಟಿದ್ರೂ ಬಹುವಚನ: ‘ದೀಸ್ ಜೀನ್ಸ್ ಆರ್’. ಬೈಕ್ ಹಾಕ್ಕೊಂಡು ನಾಲ್ಕು ಅಂಗಡಿ ಬೋರ್ಡ್ ನೋಡ್ಕೊಂಡು ಬರ್ರಿ, ನೀವು ಒಬ್ಬರ ಅಲ್ಲ.